ಎರಡು ಬೆರಳು, ಒಂದು ಕೈ



ಗಿಟಾರ್ ನುಡಿಸುವವರ ಕೈಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಕೈ ತಂತಿ ಮೀಟುತ್ತದೆ. ಇನ್ನೊಂದು ಕೈಯ ನಾಲ್ಕು ಬೆರಳುಗಳು ವಾದ್ಯದ ಕತ್ತಿನ ಮೇಲೆ ಓಡಾಡುತ್ತ ತಂತಿಗಳನ್ನು ಒತ್ತಿ ಸ್ವರ ಹಿಡಿಯುತ್ತವೆ. ವೀಣೆಯಲ್ಲಿ ಎಡಗೈ ಮಾಡುವ ಕೆಲಸವೇ ಇದು. ಆ ನಾಲ್ಕರಲ್ಲಿ ಎರಡು ಬೆರಳು ಇಲ್ಲವಾದರೆ ವಾದಕನ ಪಾಡೇನು? ಆ ಪಾಡು ಕಂಡ ಇಬ್ಬರು ಗಿಟಾರ್ ವಾದಕರು ಮತ್ತು ಒಂದು ತೋಳನ್ನೇ ಕಳೆದುಕೊಂಡ ಒಬ್ಬ ಡ್ರಮ್ ವಾದಕ ಇಂದಿನ ಮಾತಿನ ವಸ್ತು. ಒಬ್ಬನದು ಜಾಝ್, ಒಬ್ಬನದು ಹೆವಿ ಮೆಟಲ್, ಇನ್ನೊಬ್ಬನದು ರಾಕ್.

ಇಂಥವರ ಕಥೆಯನ್ನು 'ಪವಾಡ', 'ಛಲ' ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವ ರೂಢಿ ಇದೆ. ಛಲವಂತೂ ಇತ್ತು. ಆದರೆ ಮೊದಲಿನಂತೆ ನುಡಿಸಲು ಆಗದೇ ಹೋದದ್ದರಿಂದಲೇ ಈ ಮೂವರ ನಾದ ಬೇರೆಯಾಯಿತು ಎಂಬುದು ಅದಕ್ಕಿಂತ ಹೆಚ್ಚು ಸ್ವಾರಸ್ಯದ ಸಂಗತಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕೈಗಾರಿಕಾ ನಗರ. ಅಲ್ಲಿನ ಆಸ್ಟನ್ ಭಾಗದ ಹುಡುಗ ಟೋನಿ ಐಯೋಮಿ. 17ರ ವಯಸ್ಸಿನಲ್ಲಿ ಆತ ತಗಡಿನ ಕಾರ್ಖಾನೆಯೊಂದರಲ್ಲಿ ಕೂಲಿ. ವಾದ್ಯತಂಡವೊಂದರ ಜೊತೆ ಯೂರೋಪ್ ಪ್ರವಾಸಕ್ಕೆ ಹೊರಟಿದ್ದವನಿಗೆ ಅಂದು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ತಗಡು ಒತ್ತುವ ಯಂತ್ರದ ಕೆಲಸಗಾರ ಅಂದು ಬಂದಿರಲಿಲ್ಲ, ಅಭ್ಯಾಸವಿಲ್ಲದ ಹುಡುಗನನ್ನು ಅಲ್ಲಿ ನಿಲ್ಲಿಸಿದ್ದರು. ಯಂತ್ರ ಬಲಗೈಯ ಎರಡು ನಡುಬೆರಳುಗಳ ತುದಿಯನ್ನು ಕಿತ್ತುಕೊಂಡಿತು. ಐಯೋಮಿ ಎಡಗೈಯಲ್ಲಿ ಮೀಟುವವನು. ಹಾಗಾಗಿ ತಂತಿ ಒತ್ತುವ ಕೈ ಅದೇ ಬಲಗೈ.

ಇನ್ನು ಗಿಟಾರ್ ಮರೆತುಬಿಡು ಎಂದರು ವೈದ್ಯರು. ಮನೆಯಲ್ಲಿ ಮಂಕಾಗಿ ಕುಳಿತವನನ್ನು ನೋಡಲು ಕಾರ್ಖಾನೆಯ ಮ್ಯಾನೇಜರ್ ಒಂದು ಗ್ರಾಮಫೋನ್ ತಟ್ಟೆ ಹಿಡಿದು ಬಂದರು. ಗಿಟಾರ್ ಕೇಳುವ ಮನಸ್ಸೇ ಹುಡುಗನಿಗೆ ಇರಲಿಲ್ಲ. ಅವರ ಒತ್ತಾಯಕ್ಕೆ ಕೇಳಿದ, ಚೆನ್ನಾಗಿದೆ ಎಂದ. ಇದನ್ನು ನುಡಿಸಿದವನು ಎರಡೇ ಬೆರಳಲ್ಲಿ ನುಡಿಸುತ್ತಿದ್ದ ಎಂದರು ಮ್ಯಾನೇಜರ್.

ಆ ತಟ್ಟೆಯಲ್ಲಿದ್ದವನು ಜಾಂಗೋ ರೈನ್‌ಹಾರ್ಟ್. 1910ರಲ್ಲಿ ಬೆಲ್ಜಿಯಮ್ಮಿನಲ್ಲಿ ಹುಟ್ಟಿದವನು, ಊರೂರು ಅಲೆಯುವ ರೋಮಾ ಜನಾಂಗದವನು. ಪ್ಯಾರಿಸ್ಸಿನ ಅಂಚಿನಲ್ಲಿ ಬಂಡಿಮನೆಯಲ್ಲಿ ವಾಸ. ಹೆಂಡತಿ ಮಾರಾಟಕ್ಕೆಂದು ಸೆಲ್ಯುಲಾಯ್ಡ್ ಹೂಗಳನ್ನು ಮಾಡಿ ಬಂಡಿಯ ತುಂಬ ಇಟ್ಟಿದ್ದಳು. 1928ರ ನವೆಂಬರಿನ ಒಂದು ರಾತ್ರಿ ಮೇಣದಬತ್ತಿಯ ಕಿಡಿ ತಗುಲಿತು. ಸೆಲ್ಯುಲಾಯ್ಡ್ ಹತ್ತಿಕೊಂಡರೆ ನಿಲ್ಲುವ ವಸ್ತುವಲ್ಲ. ಜಾಂಗೋಗೆ ಆಗ 18. ಕಾಲನ್ನು ಕತ್ತರಿಸಬೇಕೆಂದು ವೈದ್ಯರು ಹೇಳಿದಾಗ ಆತ ಒಪ್ಪಲಿಲ್ಲ. ಕಾಲು ಉಳಿಯಿತು, ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಮುದುಡಿಯೇ ಉಳಿದವು.

ಹಾಸಿಗೆ ಹಿಡಿದ ತಿಂಗಳುಗಳಲ್ಲಿ ತಮ್ಮ ಜೋಸೆಫ್ ತಂದುಕೊಟ್ಟ ಗಿಟಾರಿನ ಮೇಲೆ ಆತ ಕೈಯನ್ನು ಹೊಸದಾಗಿ ಪಳಗಿಸಿದ. ನಾಲ್ಕು ಬೆರಳಿದ್ದವರು ಇದ್ದಲ್ಲೇ ಕೈ ಅಗಲಿಸಿ ಹಲವು ಸ್ವರ ಹಿಡಿಯುತ್ತಾರೆ. ಜಾಂಗೋಗೆ ಅದು ಆಗದು. ಆದ್ದರಿಂದ ಎರಡು ಬೆರಳುಗಳನ್ನು ಕತ್ತಿನ ಉದ್ದಕ್ಕೂ ಮೇಲೆ ಕೆಳಗೆ ಓಡಿಸಿದ. ಮುದುಡಿದ ಬೆರಳುಗಳನ್ನು ಮೇಳಸ್ವರ ಹಿಡಿಯುವಾಗ ಮಾತ್ರ ತಂತಿಯ ಮೇಲೆ ಆನಿಸಿದ. ಆತನ ಸಂಗೀತದಲ್ಲಿ ಕೇಳುವ ಆ ಜಾರುವ, ಧುಮುಕುವ ಓಟಕ್ಕೆ ಈ ಕೈಚಲನೆಯೇ ಮೂಲ.

1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲಿ ಜೊತೆ ಕಟ್ಟಿದ 'ಹಾಟ್ ಕ್ಲಬ್ ಆಫ್ ಫ್ರಾನ್ಸ್' ಪಂಚಕದಲ್ಲಿ ಮೂರು ಗಿಟಾರ್, ಒಂದು ಪಿಟೀಲು, ಒಂದು ಡಬಲ್ ಬಾಸ್. ಡ್ರಮ್ ಇಲ್ಲ, ತುತ್ತೂರಿಯೂ ಇಲ್ಲ. ಜಾಝ್ ಅಮೆರಿಕದ ಊದುವಾದ್ಯಗಳ ಸೊತ್ತು ಎಂದುಕೊಂಡಿದ್ದ ಕಾಲದಲ್ಲಿ ಇದು ಧೈರ್ಯದ ಮಾತು. ಯುದ್ಧ ಆರಂಭವಾದಾಗ ತಂಡ ಇಂಗ್ಲೆಂಡಿನಲ್ಲಿತ್ತು. ಗ್ರಾಪೆಲಿ ಅಲ್ಲೇ ಉಳಿದರು, ಜಾಂಗೋ ಪ್ಯಾರಿಸ್ಸಿಗೆ ಮರಳಿದ. ರೋಮಾ ಜನರನ್ನು ನಾಜಿಗಳು ಹುಡುಕಿ ಕೊಲ್ಲುತ್ತಿದ್ದ ವರ್ಷಗಳಲ್ಲಿ ಆತ ಅದೇ ಆಕ್ರಮಿತ ನಗರದಲ್ಲಿ ನುಡಿಸುತ್ತಿದ್ದ. 1953ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 43. ಸ್ವರಲಿಪಿ ಓದಲು ಆತ ಕಲಿಯಲೇ ಇಲ್ಲ.

ಮತ್ತೆ ಬರ್ಮಿಂಗ್‌ಹ್ಯಾಮಿಗೆ ಬರೋಣ. ತಟ್ಟೆ ಕೇಳಿದ ಐಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಉಂಡೆ ಮಾಡಿದ. ಅದನ್ನು ಕಾಯಿಸಿ, ತಿದ್ದಿ, ಉಜ್ಜಿ ಎರಡು ಬೆರಳಿಗೂ ಟೊಪ್ಪಿಗೆಗಳನ್ನು ತಯಾರಿಸಿದ. ಪ್ಲಾಸ್ಟಿಕ್ ಜಾರುತ್ತಿತ್ತು, ಹಳೆಯ ಚರ್ಮದ ತುಂಡು ಅಂಟಿಸಿದ. ಟೊಪ್ಪಿಗೆ ತೊಟ್ಟ ಬೆರಳಿಗೆ ತಂತಿಯ ಸ್ಪರ್ಶ ತಿಳಿಯದು. ಎಷ್ಟು ಒತ್ತಿದೆ ಎಂಬುದನ್ನು ಕಿವಿಯೇ ಹೇಳಬೇಕು. ಗಿಟಾರ್ ತಂತಿಗಳು ದಪ್ಪ, ಒತ್ತಿದರೆ ನೋವು. ತೆಳು ತಂತಿಗಳು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವಾಗಿ ಬ್ಯಾಂಜೋ ತಂತಿಗಳನ್ನು ಬಿಗಿದ.

ಆತ ಓಝಿ ಆಸ್ಬೋರ್ನ್, ಗೀಝರ್ ಬಟ್ಲರ್, ಬಿಲ್ ವಾರ್ಡ್ ಜೊತೆ ಕಟ್ಟಿದ ತಂಡವೇ 'ಬ್ಲ್ಯಾಕ್ ಸಬಾತ್'. 1970ರ ಫೆಬ್ರವರಿಯಲ್ಲಿ ಮೊದಲ ಧ್ವನಿಮುದ್ರಿಕೆ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದ. ತಂತಿ ಸಡಿಲವಾದರೆ ಬೆರಳಿಗೆ ಹಗುರ, ನಾದವೂ ಆಳ. ಸುಖ ಮತ್ತು ರುಚಿ ಎರಡೂ ಒಂದೇ ದಿಕ್ಕಿಗೆ ಎಳೆದವು ಎನ್ನಬಹುದು. ತೊಡಕಿನ ಬೆರಳುವಿನ್ಯಾಸ ಬಿಟ್ಟು ಎರಡು ಮೂರು ಸ್ವರಗಳ ದಪ್ಪ ಮೇಳಗಳನ್ನೇ ನೆಚ್ಚಿಕೊಂಡ. ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎನ್ನುವವರು ಒಮ್ಮೆಯಾದರೂ ಆ ನಿಧಾನ, ಭಾರದ ನಡೆಯನ್ನು ಕೇಳಬೇಕು. ಅದರಲ್ಲಿ ಕಾರ್ಖಾನೆಯ ಸುತ್ತಿಗೆಯೂ ಇದೆ, ಎಚ್ಚರದಿಂದ ಹೆಜ್ಜೆ ಇಡುವ ನೊಂದ ಬೆರಳೂ ಇದೆ.

2025ರ ಜುಲೈ 5ರಂದು ಆಸ್ಟನ್ನಿನದೇ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಮೂಲ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಹದಿನೇಳು ದಿನಗಳ ಬಳಿಕ ಆಸ್ಬೋರ್ನ್ ತೀರಿಕೊಂಡರು.

ಮೂರನೆಯವನು ರಿಕ್ ಆಲನ್, ಶೆಫೀಲ್ಡಿನ 'ಡೆಫ್ ಲೆಪರ್ಡ್' ತಂಡದ ಡ್ರಮ್ ವಾದಕ. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಎಡತೋಳು ಹೋಯಿತು. ವೈದ್ಯರು ಮತ್ತೆ ಜೋಡಿಸಿದರೂ ಸೋಂಕು ತಗುಲಿ ತೆಗೆಯಬೇಕಾಯಿತು. ಆಗ ವಯಸ್ಸು 21. ತಂಡ ಜಗತ್ಪ್ರಸಿದ್ಧವಾಗಿತ್ತು, ಬೇರೆ ವಾದಕರಿಗೇನೂ ಕೊರತೆ ಇರಲಿಲ್ಲ. ಆದರೂ ಗೆಳೆಯರು ಕಾದರು. ವ್ಯಾಪಾರವೇ ಮುಖ್ಯವಾದ ಆ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ಎಡಗೈಯ ಪೆಟ್ಟುಗಳನ್ನು ಎಡಗಾಲಿಗೆ ವರ್ಗಾಯಿಸಲು ಸಾಧ್ಯವೆಂದು ಆಸ್ಪತ್ರೆಯ ಹಾಸಿಗೆಯಲ್ಲೇ ಆಲನ್‌ಗೆ ಹೊಳೆಯಿತು. ಪೆಡಲ್ ತುಳಿದರೆ ವಿದ್ಯುನ್ಮಾನ ಡ್ರಮ್ ಮೊಳಗುವ ಹೊಸ ವಾದ್ಯವನ್ನು ಆತನಿಗಾಗಿಯೇ ರೂಪಿಸಲಾಯಿತು. 1986ರಲ್ಲಿ ಮರಳಿ ವೇದಿಕೆ ಏರಿದಾಗ ಎಚ್ಚರಿಕೆಗೆಂದು ಪಕ್ಕದಲ್ಲಿ ಇನ್ನೊಬ್ಬ ವಾದಕನನ್ನು ಕೂರಿಸಿದ್ದರು. ಐರ್ಲೆಂಡಿನ ಒಂದು ಕಾರ್ಯಕ್ರಮಕ್ಕೆ ಆ ವಾದಕ ತಡವಾಗಿ ಬಂದ. ಕಾಯದೆ ಆಲನ್ ಒಬ್ಬನೇ ಶುರು ಮಾಡಿದ. ಆಮೇಲೆ ಪಕ್ಕದ ಕುರ್ಚಿಯ ಅಗತ್ಯ ಬೀಳಲಿಲ್ಲ. ಅದೇ ಆಗಸ್ಟಿನಲ್ಲಿ ಡಾನಿಂಗ್ಟನ್ ಉತ್ಸವದ ಭಾರೀ ಜನಸ್ತೋಮದ ಎದುರು ಆತ ಕುಳಿತದ್ದು ಒಬ್ಬನೇ. ಮರುವರ್ಷ ಬಂದ 'ಹಿಸ್ಟೀರಿಯಾ' ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅದರಲ್ಲಿನ ಡ್ರಮ್ಮಿನ ಬಿಡಿಬಿಡಿಯಾದ, ಅಳೆದು ಇಟ್ಟಂಥ ಪೆಟ್ಟುಗಳನ್ನು ಕೇಳುವಾಗ ಕೆಲವಂತೂ ಕಾಲಿನವು ಎಂಬುದು ಗೊತ್ತಾಗುವುದೇ ಇಲ್ಲ.