ಉಚಿತ ಖಾತೆಯ ಬೆಲೆ ತೆತ್ತವರು

ಬ್ಯಾಂಕು ಸಾಲಗಾರನ ಮೇಲೆ ದಾವೆ ಹೂಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ನೋಟೀಸು, ಜಪ್ತಿ, ಹರಾಜು ಎಂಬ ಮಾತುಗಳು ನಮ್ಮ ಹಳ್ಳಿಗಳಿಗೆ ಹೊಸವಲ್ಲ. ಇದಕ್ಕೆ ತೀರಾ ವಿರುದ್ಧವಾದ ದೃಶ್ಯವನ್ನು ಬ್ರಿಟನ್ 2006 ಮತ್ತು 2007ರಲ್ಲಿ ಕಂಡಿತು. ಸಾಮಾನ್ಯ ಖಾತೆದಾರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ತಮ್ಮ ಬ್ಯಾಂಕುಗಳನ್ನೇ ಕೌಂಟಿ ಕೋರ್ಟುಗಳಿಗೆ ಎಳೆದರು. ಹೆಚ್ಚಿನವರ ಬಳಿ ವಕೀಲರಿರಲಿಲ್ಲ. ಹಳೆಯ ಸ್ಟೇಟ್‌ಮೆಂಟುಗಳ ಒಂದು ಕಟ್ಟು ಮತ್ತು ತಮಗೆ ಅನ್ಯಾಯವಾಗಿದೆ ಎಂಬ ದೃಢವಾದ ಅರಿವು, ಇವಿಷ್ಟೇ ಅವರ ಬಂಡವಾಳ. ಆ ಹೋರಾಟ ಹೇಗೆ ಗೆದ್ದಿತು, ಹೇಗೆ ಸೋತಿತು, ಸೋತ ಮೇಲೂ ಅದರಿಂದ ನಾವು ಕಲಿಯಬೇಕಾದ್ದೇನು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಶುಲ್ಕದ ಸ್ವರೂಪವನ್ನು ನೋಡೋಣ. ಬ್ರಿಟನ್ನಿನಲ್ಲಿ ವಿದ್ಯುತ್, ಗ್ಯಾಸ್, ನೀರಿನ ಬಿಲ್ಲುಗಳ ಹಣ ಸಾಮಾನ್ಯವಾಗಿ ಡೈರೆಕ್ಟ್ ಡೆಬಿಟ್ ಮೂಲಕ ನಿಗದಿತ ದಿನ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಸಂಬಳ ಒಂದು ದಿನ ತಡವಾಯಿತು, ಖಾತೆಯಲ್ಲಿ ಐದು ಪೌಂಡ್ ಕಡಿಮೆ ಬಿತ್ತು ಎಂದುಕೊಳ್ಳಿ. ಬ್ಯಾಂಕು ಆ ಪಾವತಿಯನ್ನು ತಿರಸ್ಕರಿಸಿದರೂ ಶುಲ್ಕ. ಅನುಮತಿಯಿಲ್ಲದ ಓವರ್‌ಡ್ರಾಫ್ಟ್ ಎಂದು ಕರೆದು ಪಾವತಿ ಮಾಡಿದರೂ ಶುಲ್ಕ. ಆ ದಿನಗಳಲ್ಲಿ ಇದು ಒಂದು ಸಲಕ್ಕೆ 39 ಪೌಂಡುಗಳವರೆಗೂ ಇತ್ತು. ಆ ಹಣ ಮುಂದಿನ ಸಂಬಳದಿಂದಲೇ ಹೋಗುವುದರಿಂದ ಮುಂದಿನ ತಿಂಗಳೂ ಖಾತೆ ಬರಿದಾಗುತ್ತದೆ. ಇನ್ನೊಂದು ಪಾವತಿ ತಪ್ಪುತ್ತದೆ, ಇನ್ನೊಂದು ಶುಲ್ಕ ಬೀಳುತ್ತದೆ. ಬಡ್ಡಿಗೆ ಬಡ್ಡಿ ಸೇರಿಸುತ್ತಿದ್ದ ಸಾಹುಕಾರನ ಕಡತವನ್ನು ಬಲ್ಲ ನಮಗೆ ಈ ಲೆಕ್ಕ ಅರ್ಥವಾಗಲು ಕಷ್ಟವಿಲ್ಲ.

ಖಾತೆದಾರರ ವಾದ ಸರಳವಾಗಿತ್ತು. ಕರಾರು ಮುರಿದವನಿಂದ ನಷ್ಟ ಭರ್ತಿ ಮಾಡಿಕೊಳ್ಳಬಹುದೇ ಹೊರತು ಅವನಿಗೆ ದಂಡ ಹಾಕುವಂತಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ತತ್ತ್ವ. ಕಂಪ್ಯೂಟರೊಂದು ಪಾವತಿಯನ್ನು ತಿರಸ್ಕರಿಸಲು 39 ಪೌಂಡ್ ಖರ್ಚಾಗುತ್ತದೆಯೇ? ಇದರ ಜೊತೆಗೆ, ಗ್ರಾಹಕ ಕರಾರುಗಳ ಅನ್ಯಾಯದ ಷರತ್ತುಗಳನ್ನು ತಡೆಯುವ 1999ರ ನಿಯಮಗಳಿದ್ದವು. 2006ರ ಏಪ್ರಿಲ್‌ನಲ್ಲಿ ಅಲ್ಲಿನ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಎಂಬ ಸರ್ಕಾರಿ ಸಂಸ್ಥೆಯು, ಕ್ರೆಡಿಟ್ ಕಾರ್ಡ್ ಬಾಕಿಗೆ 12 ಪೌಂಡಿಗಿಂತ ಹೆಚ್ಚಿನ ದಂಡ ಹಾಕಿದರೆ ಅದನ್ನು ಅನ್ಯಾಯವೆಂದೇ ಭಾವಿಸುವುದಾಗಿ ಪ್ರಕಟಿಸಿತು. ಕಾರ್ಡಿಗೆ ಸಲ್ಲುವ ನ್ಯಾಯ ಖಾತೆಗೇಕೆ ಸಲ್ಲದು ಎಂದು ಜನ ಕೇಳಿದರು.

ವಿಧಾನವೂ ಕಷ್ಟದ್ದಾಗಿರಲಿಲ್ಲ. ದತ್ತಾಂಶ ರಕ್ಷಣೆಯ 1998ರ ಕಾಯ್ದೆಯಡಿ 10 ಪೌಂಡ್ ಕಟ್ಟಿದರೆ ಬ್ಯಾಂಕು 40 ದಿನಗಳೊಳಗೆ ಖಾತೆಯ ದಾಖಲೆಗಳನ್ನು ಕೊಡಬೇಕಿತ್ತು. ಇಂಗ್ಲೆಂಡಿನ ಕಾಲಮಿತಿ ಕಾಯ್ದೆಯಂತೆ ಹಿಂದಿನ ಆರು ವರ್ಷಗಳ ಶುಲ್ಕವನ್ನು ಕೂಡಿಸಿ ಬ್ಯಾಂಕಿಗೆ ಪತ್ರ ಬರೆಯುವುದು. ಉತ್ತರ ಬಾರದಿದ್ದರೆ, 5,000 ಪೌಂಡಿನವರೆಗಿನ ಸಣ್ಣ ದಾವೆಗಳ ವಿಭಾಗದಲ್ಲಿ ಅರ್ಜಿ ಹಾಕುವುದು. ಅಲ್ಲಿ ಸೋತರೂ ಎದುರಾಳಿಯ ವಕೀಲರ ಖರ್ಚು ಸಾಮಾನ್ಯವಾಗಿ ಸೋತವರ ತಲೆಗೆ ಬೀಳುವುದಿಲ್ಲ. ಬಡವನು ನ್ಯಾಯಾಲಯದ ಮೆಟ್ಟಿಲೇರಲು ಹೆದರುವುದು ತನ್ನ ವಾದ ದುರ್ಬಲವೆಂದಲ್ಲ, ಸೋತರೆ ಮನೆ ಮಾರಬೇಕಾದೀತೆಂದು. ಆ ಒಂದು ಭಯವನ್ನು ತೆಗೆದಾಗ ಏನಾಗುತ್ತದೆ ಎಂಬುದಕ್ಕೆ ಆ ಎರಡು ವರ್ಷಗಳೇ ಸಾಕ್ಷಿ.

ಬಹುತೇಕ ಪ್ರಕರಣಗಳಲ್ಲಿ ಬ್ಯಾಂಕುಗಳು ವಿಚಾರಣೆಗೆ ಮುನ್ನವೇ ಹಣ ಹಿಂದಿರುಗಿಸಿದವು. ಇದನ್ನು ಔದಾರ್ಯವೆಂದು ಯಾರೂ ಭಾವಿಸಬೇಕಿಲ್ಲ. ಒಬ್ಬನಿಗೆ ಸಾವಿರ ಪೌಂಡ್ ಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ. ನ್ಯಾಯಾಧೀಶರು ತೀರ್ಪು ಬರೆದರೆ ಅದು ಎಲ್ಲರ ಕೈಗೆ ಆಯುಧವಾಗುತ್ತದೆ. ಬ್ಯಾಂಕುಗಳು ಹಣ ಕೊಟ್ಟು ಕೊಂಡದ್ದು ಮೌನವನ್ನು. ಎಲ್ಲರೂ ಗೆದ್ದರೆಂದೂ ಅಲ್ಲ. 2007ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯವೊಂದು ಇಂಥದೇ ಒಂದು ದಾವೆಯನ್ನು ವಜಾ ಮಾಡಿತು. ಅಂತೂ ಪ್ರಶ್ನೆ ಒಂದು ಕಡೆ ಇತ್ಯರ್ಥವಾಗಲೇಬೇಕಿತ್ತು.

2007ರ ಜುಲೈನಲ್ಲಿ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಏಳು ಬ್ಯಾಂಕುಗಳು ಮತ್ತು ಒಂದು ಬಿಲ್ಡಿಂಗ್ ಸೊಸೈಟಿಯ ವಿರುದ್ಧ ಪರೀಕ್ಷಾ ದಾವೆಯೊಂದನ್ನು ಆರಂಭಿಸಿತು. ಅದು ಮುಗಿಯುವವರೆಗೆ ಬಾಕಿ ದಾವೆಗಳಿಗೆಲ್ಲ ತಡೆ ಬಿತ್ತು. 2008ರಲ್ಲಿ ಹೈಕೋರ್ಟ್ ಎರಡು ಮಾತು ಹೇಳಿತು: ಈ ಶುಲ್ಕಗಳು ಕಾನೂನಿನ ಅರ್ಥದಲ್ಲಿ ದಂಡವಲ್ಲ, ಆದರೆ ಅವು ನ್ಯಾಯಯುತವೇ ಎಂದು ಪರಿಶೀಲಿಸಬಹುದು. ಎರಡನೆಯ ಮಾತನ್ನು 2009ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ಆದರೆ ಅದೇ ಅಕ್ಟೋಬರಿನಲ್ಲಿ ಹೊಸದಾಗಿ ಆರಂಭವಾಗಿದ್ದ ಸುಪ್ರೀಂ ಕೋರ್ಟ್, ನವೆಂಬರ್ 25ರಂದು ಐವರು ನ್ಯಾಯಮೂರ್ತಿಗಳ ಒಮ್ಮತದಿಂದ ಬ್ಯಾಂಕುಗಳ ಪರ ತೀರ್ಪಿತ್ತಿತು. ಈ ಶುಲ್ಕ ಖಾತೆಯೆಂಬ ಒಟ್ಟು ಸೇವೆಗೆ ತೆರುವ ಬೆಲೆಯ ಭಾಗ. ಬೆಲೆ ಸೇವೆಗೆ ತಕ್ಕುದೇ ಎಂದು ಅಳೆಯುವ ಅಧಿಕಾರ ಆ ನಿಯಮಗಳಡಿ ಇಲ್ಲ ಎಂಬುದು ಅದರ ಸಾರ. ಶುಲ್ಕ ನ್ಯಾಯಯುತವೆಂದು ನ್ಯಾಯಾಲಯ ಹೇಳಲಿಲ್ಲ. ಆ ಪ್ರಶ್ನೆಯನ್ನು ಈ ದಾರಿಯಲ್ಲಿ ಕೇಳುವಂತಿಲ್ಲ ಎಂದಿತು. ಬೇಕಿದ್ದರೆ ಸಂಸತ್ತು ಮರುಯೋಚಿಸಲಿ ಎಂಬ ಸೂಚನೆಯೂ ಆ ತೀರ್ಪಿನಲ್ಲಿತ್ತು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ದಂಡ ಎಂಬ ಪದ ಬೆಲೆ ಎಂದು ಬದಲಾದೊಡನೆ ಅನ್ಯಾಯವು ಕಾನೂನಿನ ಕಣ್ಣಿನಿಂದ ಮರೆಯಾಯಿತು. ಆದರೆ ಆ ಬೆಲೆಯನ್ನು ತೆತ್ತವರು ಯಾರು? 2006ರಲ್ಲಿ ಬ್ರಿಟನ್ನಿನ ಬ್ಯಾಂಕುಗಳು ವೈಯಕ್ತಿಕ ಖಾತೆಗಳಿಂದ ಗಳಿಸಿದ್ದು ಸುಮಾರು 830 ಕೋಟಿ ಪೌಂಡ್. ಅದರಲ್ಲಿ ಸುಮಾರು 260 ಕೋಟಿ, ಖಾತೆಯಲ್ಲಿ ಹಣ ಸಾಲದೆ ಹೋದವರಿಂದ ಬಂದ ಶುಲ್ಕ. ಖಾತೆಯಲ್ಲಿ ಸದಾ ಹಣವಿರುವವರಿಗೆ ಚೆಕ್ಕು, ಕಾರ್ಡು, ಎಟಿಎಂ ಎಲ್ಲವೂ ಉಚಿತ. ಅಂದರೆ ತಿಂಗಳ ಕೊನೆಯಲ್ಲಿ ಐದು ಪೌಂಡಿಗೆ ಪರದಾಡಿದವರು, ನಮ್ಮಂಥ ಸಂಬಳದಾರರ ಉಚಿತ ಖಾತೆಯ ವೆಚ್ಚವನ್ನು ಹೊತ್ತಿದ್ದರು. ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆ ಎಲ್ಲೋ ಯಾರೋ ಬೆವರು ಸುರಿಸಿರುತ್ತಾರೆ ಎಂಬ ಮಾತು ಇಲ್ಲಿ ಬರಿಯ ಉಪಮೆಯಲ್ಲ, ಲೆಕ್ಕಪತ್ರದ ಸತ್ಯ.

ಪರಿಹಾರ ಬಂದದ್ದು ಹತ್ತು ವರ್ಷಗಳ ಬಳಿಕ, ನ್ಯಾಯಾಲಯದಿಂದಲ್ಲ, ನಿಯಂತ್ರಣ ಸಂಸ್ಥೆಯಿಂದ. ಅನುಮತಿಯಿಲ್ಲದ ಓವರ್‌ಡ್ರಾಫ್ಟ್ ಶುಲ್ಕದ ಅರ್ಧಕ್ಕೂ ಹೆಚ್ಚು ಭಾಗ ಕೇವಲ ಶೇ. 1.5ರಷ್ಟು ಗ್ರಾಹಕರಿಂದ ಬರುತ್ತಿದೆಯೆಂದು ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿ ಕಂಡುಕೊಂಡಿತು. 2020ರ ಏಪ್ರಿಲ್‌ನಿಂದ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ನಿಗದಿತ ಶುಲ್ಕಗಳನ್ನು ಅದು ನಿಷೇಧಿಸಿತು. ಅನುಮತಿಯಿಲ್ಲದ ಓವರ್‌ಡ್ರಾಫ್ಟಿಗೆ ಹೆಚ್ಚಿನ ದರ ವಿಧಿಸುವುದನ್ನೂ ತಡೆಯಿತು. ಬ್ಯಾಂಕುಗಳು ಸುಮ್ಮನಿರಲಿಲ್ಲ, ಹಲವು ದೊಡ್ಡ ಬ್ಯಾಂಕುಗಳು ಓವರ್‌ಡ್ರಾಫ್ಟ್ ಬಡ್ಡಿಯನ್ನೇ ಸುಮಾರು ಶೇ. 40ಕ್ಕೆ ಏರಿಸಿದವು. ಒಂದು ಕಿಂಡಿ ಮುಚ್ಚಿದರೆ ಇನ್ನೊಂದನ್ನು ಕೊರೆಯುವುದು ಬಂಡವಾಳದ ಸ್ವಭಾವ. ಆದ್ದರಿಂದ ಕಾವಲು ಒಂದು ದಿನದ ಕೆಲಸವಲ್ಲ.

ಇದೇ ತರ್ಕ ನಾವು ಬಿಟ್ಟುಬಂದ ನಾಡಿನಲ್ಲೂ ಇದೆ. ಅಲ್ಲಿ ಅದರ ಹೆಸರು ಕನಿಷ್ಠ ಶಿಲ್ಕು. 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ, ಖಾತೆಯಲ್ಲಿ ಸಾಕಷ್ಟು ಹಣವಿಡದವರಿಂದ 1,771 ಕೋಟಿ ರೂಪಾಯಿ ದಂಡ ಸಂಗ್ರಹಿಸಿತು. ಸಾರ್ವಜನಿಕ ಟೀಕೆ ಬೆಳೆಯಿತು, ಮೊದಲು ಮೊತ್ತ ಇಳಿಯಿತು, 2020ರಲ್ಲಿ ಆ ದಂಡವೇ ರದ್ದಾಯಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಉಳಿತಾಯ ಖಾತೆಗಳ ಮೇಲಿನ ಈ ದಂಡವನ್ನು 2025ರ ಜೂನ್‌ನಲ್ಲಿ ಕೈಬಿಟ್ಟಿತು. ಊರಿನಲ್ಲಿರುವ ತಂದೆತಾಯಿಯರ ಪಾಸ್‌ಬುಕ್ಕನ್ನು ಮುಂದಿನ ಸಲ ಹೋದಾಗ ಒಮ್ಮೆ ತೆರೆದು ನೋಡಿ. ಅಕ್ರಮವಾದ ಕಡಿತ ಕಂಡರೆ ಮೊದಲು ಬ್ಯಾಂಕಿಗೆ, ಅನಂತರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಬ್ರಿಟನ್ನಿನಲ್ಲಿರುವವರು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಎಂಟು ವಾರಗಳಲ್ಲಿ ಪರಿಹಾರ ಸಿಗದಿದ್ದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ಗ್ರಾಹಕರು ಅಲ್ಲಿ ಶುಲ್ಕ ಕಟ್ಟಬೇಕಿಲ್ಲ.

ಹಾಗಾದರೆ ಕೋರ್ಟಿಗೆ ಹೋದವರ ಶ್ರಮ ವ್ಯರ್ಥವಾಯಿತೇ? ಇಲ್ಲ. ತೀರ್ಪು ಅವರ ವಿರುದ್ಧ ಬಂದರೂ, ಅವರು ಅರ್ಜಿ ಹಾಕದಿದ್ದರೆ ಆ 260 ಕೋಟಿಯ ಪ್ರಶ್ನೆಯನ್ನು ದೇಶ ಅಷ್ಟು ಗಟ್ಟಿಯಾಗಿ ಕೇಳುತ್ತಿರಲಿಲ್ಲ. ಆದರೆ ನಮ್ಮ ಹಣ ನಮಗೆ ಬಂದ ದಿನವೇ ಹೋರಾಟ ಮುಗಿಯಿತೆಂದು ತಿಳಿಯಬಾರದು. ಮರಳಿ ಬಂದ ಶುಲ್ಕ ಒಬ್ಬರಿಗೆ ಸಿಕ್ಕ ಪರಿಹಾರ. ಬದಲಾದ ನಿಯಮ ಎಲ್ಲರಿಗೂ ಸಿಕ್ಕ ನ್ಯಾಯ. ಮೊದಲನೆಯದಕ್ಕೆ ಒಂದು ಅರ್ಜಿ ಸಾಕು, ಎರಡನೆಯದಕ್ಕೆ ಸಂಘಟನೆ ಬೇಕು. ಖಾತೆಯಲ್ಲಿ ಹಣವಿರುವ ನಾವು, ಹಣವಿಲ್ಲದವರ ಈ ಹೋರಾಟದಲ್ಲಿ ಜೊತೆ ನಿಲ್ಲುವುದು ದಯೆಯಲ್ಲ. ಅದು ಬಹುಕಾಲದಿಂದ ತೀರಿಸದೆ ಉಳಿದಿರುವ ಬಾಕಿ.