ಮಕ್ಕಳ ಹಲ್ಲು, ನಮ್ಮ ಬೋರು ನೀರು
(ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಬಿ.ಎ. ಓದುತ್ತಿರುವ ಹುಡುಗಿ. ಆದರೂ ನಮ್ಮ ಮಕ್ಕಳ ಹಲ್ಲಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಹಿಂದೂಪುರದ ಕಡೆ ಹೋದರೂ ಸರಿ, ಕಲ್ಯಾಣದುರ್ಗದ ಕಡೆ ಹೋದರೂ ಸರಿ, ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಹಳದಿ, ಕಂದು ಕಲೆ ಇರುವ ಮಕ್ಕಳು ಕಾಣುತ್ತಾರೆ. ನೋಡಿದವರು "ಮನೇಲಿ ಹಲ್ಲುಜ್ಜಲ್ವಾ?" ಅಂತಾರೆ. ನಮ್ಮ ಕಾಲೊನಿ ಮಕ್ಕಳಾದರೆ "ಇವರಿಗೆ ಶುಚಿ ಗೊತ್ತಿಲ್ಲ" ಅಂತ ಇನ್ನೊಂದು ಮಾತು ಸೇರಿಸ್ತಾರೆ. ನನ್ನ ತಮ್ಮ ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡೇ ನಗುತ್ತಾನೆ.

ಅಮ್ಮಂದಿರೇ, ನಮ್ಮ ಸೀಮೆಯಲ್ಲಿ ಇಂಥ ಕಲೆಗೆ ಹೆಚ್ಚಾಗಿ ಕಾರಣ ಕೊಳೆಯಲ್ಲ, ನೀರಿನಲ್ಲಿರುವ ಫ್ಲೋರೈಡ್. ಮಳೆ ಕಡಿಮೆ, ಬಾವಿ ಬತ್ತಿದವು, ಬೋರು ಆಳಕ್ಕೆ ಹೋಯಿತು. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ರವರೆಗೆ ಅನ್ನೋದು ನಮ್ಮ ದೇಶದ ಲೆಕ್ಕ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲು ಕೆಡುತ್ತೆ. 8 ವರ್ಷದೊಳಗಿನ ಮಕ್ಕಳಿಗೇ ಈ ಅಪಾಯ. ಆಮೇಲೆ ಎಷ್ಟು ಉಜ್ಜಿದರೂ ಕಲೆ ಹೋಗಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೆ ಹಲ್ಲೇ ಸವೆಯುತ್ತೆ. ನೀರಿನಲ್ಲಿ ತುಂಬಾ ಜಾಸ್ತಿ ಇದ್ದರೆ ಮುಂದೆ ಕೀಲು, ಬೆನ್ನು ಬಿಗಿಯುತ್ತೆ. ಅದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

"ನಾವು ಕಾಯಿಸಿ ಕುಡಿಸ್ತೀವಿ" ಅಂತೀರಿ. ಕಾಯಿಸಿದರೆ ಭೇದಿ ತರುವ ಕ್ರಿಮಿ ಸಾಯುತ್ತೆ, ಒಳ್ಳೇದೇ. ಆದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದರ ಪಾಲು ಹೆಚ್ಚುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ. ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ.

ಹಾಗಾದರೆ ಏನು ಮಾಡೋದು? ಪೆನ್ನ ಅಹೋಬಿಲಂ ಜಲಾಶಯದ ನೀರು ಪೈಪಿನಲ್ಲಿ ನಿಮ್ಮೂರಿಗೆ ಬರುತ್ತಿದ್ದರೆ ಅದನ್ನು ಕುಡಿಯೋಕೆ, ಅಡುಗೆಗೆ ಎತ್ತಿಡಿ. ಬೋರು ನೀರು ಬಟ್ಟೆ, ಪಾತ್ರೆಗಿರಲಿ. ಮುದ್ದೆಗೆ ಇಡುವ ಎಸರೂ ಲೆಕ್ಕಕ್ಕೆ ಬರುತ್ತೆ, ಮರೀಬೇಡಿ. ನೀರು ಕಡಿಮೆ ಬಂದ ದಿನ ಮೊದಲ ಬಿಂದಿಗೆ ಮಕ್ಕಳಿಗೆ, ಬಸುರಿಯರಿಗೆ. ಚಿಕ್ಕ ಮಕ್ಕಳಿಗೆ ಟೀ ಬೇಡ, ಟೀ ಪುಡಿಯಲ್ಲೂ ಫ್ಲೋರೈಡ್ ಇದೆ. ಪೇಸ್ಟು ನುಂಗದಂತೆ ನೋಡಿಕೊಳ್ಳಿ. ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ಕೊಡಿ. ಚೆನ್ನಾಗಿ ಉಂಡ ಮಗುವಿಗೆ ಪೆಟ್ಟು ಕಡಿಮೆ.

ಸಂಘದ ಅಣ್ಣಂದಿರಿಗೆ ಒಂದು ಕೆಲಸ. ಕಾಲೊನಿಯ ಪ್ರತಿ ಬೋರಿನ ನೀರನ್ನೂ ಬಾಟಲಿಗೆ ಹಿಡಿದು ಗ್ರಾಮೀಣ ನೀರು ಸರಬರಾಜು ಇಲಾಖೆಯಲ್ಲಿ ಪರೀಕ್ಷೆ ಮಾಡಿಸಿ. ಬಂದ ಅಂಕಿಯನ್ನು ಬೋರಿನ ಪಕ್ಕ ಎಲ್ಲರಿಗೂ ಕಾಣುವಂತೆ ಬರೆಯಿರಿ. ಹೆಚ್ಚಿದ್ದರೆ ಗ್ರಾಮ ಸಚಿವಾಲಯಕ್ಕೆ ಅರ್ಜಿ ಕೊಟ್ಟು ರಶೀದಿ ತಗೊಳ್ಳಿ.

1927 ಮಾರ್ಚ್ 20 ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗಿಳಿದು ನೀರು ಕುಡಿದರು. ಊರ ನೀರು ನಮ್ಮದೂ ಹೌದು ಅಂತ ಆವತ್ತು ತೋರಿಸಿದರು. ಇವತ್ತು ನಲ್ಲಿ ನಮ್ಮ ಬೀದಿಯಲ್ಲೇ ಇರಬಹುದು. ಅದರಲ್ಲಿ ಬರುವ ನೀರು ಮಗು ಕುಡಿಯುವಂಥದ್ದಾ ಅಂತ ಕೇಳೋದೂ ಅದೇ ಹಕ್ಕು. ಮಗುವಿನ ಹಲ್ಲು ನೋಡಿ ಮಗುವನ್ನು ಬೈಯಬೇಡಿ, ನೀರು ಪರೀಕ್ಷೆ ಮಾಡಿಸಿ.

ಜೈ ಭೀಮ್.