ಜರಿ ಅಂಟಿಸಿದ ಲಕ್ಷ್ಮಿ

ಕ್ಲೆಮೆಂಟ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ವಿಮರ್ಶಕ 1939ರಲ್ಲಿ ಕಿಟ್ಷ್, ಅಂದರೆ ಅಗ್ಗದ ಭಾವುಕ ಕಲೆಯ ಮೇಲೆ ಮುಗಿಬಿದ್ದು ಒಂದು ಪ್ರಬಂಧ ಬರೆದ. ನೋಡುವವನಿಗೆ ಯಾವ ಕಷ್ಟವನ್ನೂ ಕೊಡದೆ ಭಾವನೆಯನ್ನು ಅರೆದು ಬಾಯಿಗಿಡುತ್ತದೆ ಎಂಬುದು ಅವನ ತಕರಾರು. ತಕರಾರಿನಲ್ಲಿ ಹುರುಳಿದೆ. ಆದರೆ ದೇವರ ಪಟ ತೂಗಿದ ನಮ್ಮ ಪಡಸಾಲೆಯ ಗೋಡೆಯ ಮಟ್ಟಿಗೆ ಅದು ಅರ್ಧ ಕಥೆ.

ಉಳಿದರ್ಧಕ್ಕೆ ಚಿತ್ರಕಾರ ರಾಜಾ ರವಿವರ್ಮನ ಹತ್ತಿರ ಹೋಗಬೇಕು. 1894ರಲ್ಲಿ ಅವನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಯಂತ್ರ ಜರ್ಮನಿಯದು, ತಂತ್ರಜ್ಞರೂ ಅಲ್ಲಿಯವರೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅರಮನೆಯ ತೈಲಚಿತ್ರ ಎಲ್ಲಿ, ಹೊಗೆ ಹಿಡಿದ ಅಡಿಗೆಮನೆ ಎಲ್ಲಿ! ಆದರೂ ಕಮಲದ ಮೇಲಿನ ಲಕ್ಷ್ಮಿ ಅಲ್ಲಿಂದಿಲ್ಲಿಗೆ ಬಂದುಬಿಟ್ಟಳು. ರವಿವರ್ಮನಿಗೆ ಮಾತ್ರ ಈ ವ್ಯಾಪಾರ ಕೈಹತ್ತಲಿಲ್ಲ. ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಪ್ರೆಸ್ಸನ್ನೇ ಮಾರಿದ.

ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರಿಗೆ ರವಿವರ್ಮನ ಚಿತ್ರಗಳು ನಾಟಕದ ವೇಷಗಳಂತೆ ಕಂಡವು. ಪಟ ಕೊಂಡವರು ಆ ವಿಮರ್ಶೆ ಓದಿರಲಿಲ್ಲ, ಪುಣ್ಯ. ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ದೇವಿ ಕಾಸಿನ ಬೆಲೆಗೆ ನಡೆದು ಬಂದಿದ್ದಳು. ಬಂದವಳನ್ನು ಹಾಗೇ ಬಿಡಲೂ ಇಲ್ಲ. ಹೆಂಗಸರು ಸೀರೆಯ ಭಾಗಕ್ಕೆ ನಿಜವಾದ ಬಟ್ಟೆ ಹೊಂದಿಸಿದರು, ಅಂಚಿಗೆ ಜರಿ, ಕಿರೀಟಕ್ಕೆ ಮಿನುಗು ಅಂಟಿಸಿದರು. ಗ್ರೀನ್‌ಬರ್ಗನ ಸೋಮಾರಿ ನೋಡುಗ ಇಲ್ಲಿ ಯಾರು? ಮುಂದೆ ಬಣ್ಣದ ಕ್ಯಾಲೆಂಡರುಗಳು ಬಂದಾಗಲೂ ಅಷ್ಟೆ: ವರ್ಷ ಮುಗಿದ ಮೇಲೆ ತಾರೀಕನ್ನೂ ಕೆಳಗಿನ ಬೀಡಿ ಜಾಹೀರಾತನ್ನೂ ಕತ್ತರಿಸಿ, ದೇವರಿಗೆ ಕಟ್ಟು ಹಾಕಿಸಿದರು. ಕಂಪನಿಯ ದುಡ್ಡು, ಮನೆಯವರ ದೇವರು.

ಕಲಬುರಗಿಯ ಎಸ್.ಎಂ. ಪಂಡಿತರನ್ನು ಇಲ್ಲಿ ನೆನೆಯಲೇಬೇಕು. ಮುಂಬಯಿಯಲ್ಲಿ ಸಿನಿಮಾ ಪೋಸ್ಟರು ಬರೆದ ಕೈಯೇ ಕ್ಯಾಲೆಂಡರಿಗೆ ಪುರಾಣವನ್ನೂ ಬರೆಯಿತು. ಅವರ ಪುರಾಣದ ನಾಯಕಿಯರ ಕೆನ್ನೆಯ ಮೇಲೆ ಬೀಳುವ ಬೆಳಕು ಸ್ಟುಡಿಯೋದ್ದು. ಅದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಅದೇ ಅದರ ಸೊಗಸು. ದೇವಲೋಕ ಹೇಗಿರುತ್ತದೆಂದು ಕೇಳಿದರೆ, ಟೂರಿಂಗ್ ಟಾಕೀಸಿನ ಪರದೆಯಂತೆ ಎನ್ನುತ್ತಿದ್ದ ಕಾಲ ಅದು.

ಹಾಗೆಂದು ಎಲ್ಲವನ್ನೂ ಮುದ್ದು ಮಾಡಲಾರೆ. ಜೆಕ್ ಲೇಖಕ ಮಿಲನ್ ಕುಂದೇರಾ ತನ್ನ ಕಾದಂಬರಿಯೊಂದರಲ್ಲಿ ಎರಡು ಕಣ್ಣೀರಿನ ಮಾತೆತ್ತುತ್ತಾನೆ. ಮೊದಲನೆಯದು ಆಡುವ ಮಕ್ಕಳನ್ನು ಕಂಡು ಬರುವುದು. ಎರಡನೆಯದು, ಆಹಾ, ಎಲ್ಲರೊಂದಿಗೆ ನನಗೂ ಕಣ್ಣೀರು ಬಂತಲ್ಲ ಎಂಬ ಸಂತೋಷದ್ದು. ಈ ಎರಡನೆಯದೇ ಕಿಟ್ಷ್. ಅವನು ಬಂದ ಕಮ್ಯುನಿಸ್ಟ್ ದೇಶದಲ್ಲಿ ಮೇ ದಿನದ ಮೆರವಣಿಗೆಗಳಿದ್ದವು, ಎಲ್ಲರೊಂದಿಗೆ ಅಳಲೇಬೇಕೆಂಬ ಒತ್ತಾಯಕ್ಕೆ ಅವನು ಅಂಜಿದ್ದಕ್ಕೆ ಕಾರಣವಿತ್ತು. ಸೈನಿಕನ ಮುಖದ ಮೇಲೆ ಬಾವುಟ ಹೊದಿಸಿ, ಇದನ್ನು ಹಂಚದವನು ದೇಶದ್ರೋಹಿ ಎಂದು ನಮ್ಮ ವಾಟ್ಸ್ಆಪ್ ಗುಂಪಿಗೆ ಬರುವ ಚಿತ್ರ ಆ ಜಾತಿಯದು. ಅಡಿಗೆಮನೆಯ ಲಕ್ಷ್ಮಿ ಯಾರಿಗೂ ಆಣೆ ಹಾಕಿದ್ದಿಲ್ಲ.

ಇನ್ನು ಬೆಂಗಳೂರಿನ ಕಾಫಿ ಅಂಗಡಿಗಳು ಲಾರಿ ಹಿಂಭಾಗದ ಕಮಲ, ಗಿಣಿಗಳನ್ನು ದಿಂಬಿನ ಮೇಲೆ ಅಚ್ಚೊತ್ತಿ ಮಾರುತ್ತವೆ. ಕೊಳ್ಳುವವರು ಕಣ್ಣು ಮಿಟುಕಿಸಿಯೇ ಕೊಳ್ಳುತ್ತಾರೆ: ಇದು ಕೆಟ್ಟ ಅಭಿರುಚಿ ಎಂದು ನಮಗೆ ಗೊತ್ತು, ನೋಡಿ! ದಿಂಬಿಗೆ ಕೊಡುವ ದುಡ್ಡಿನ ಮುಕ್ಕಾಲು ಪಾಲು ಆ ಕಣ್ಣು ಮಿಟುಕಿಗೇ ಎಂದು ನನ್ನ ಅನುಮಾನ. ಲಾರಿಯ ಮಾಲೀಕನಾದರೋ ಕಮಲ ಚೆನ್ನಾಗಿದೆಯೆಂದೇ ಬರೆಸಿದ್ದ.